ಹಚ್ಚಬಾರದ ಊದುಬತ್ತಿ

ಮೊನ್ನೆ ಮಳೆಯ ಥಂಡಿಗೆ ಸೀರೆಗಳು ಮುಗ್ಗಲು ಹಿಡಿದಾವೆಂದು ಹಳೆಯ ಟ್ರಂಕು ತೆಗೆದೆ. ತಳದಲ್ಲಿ, ಧಾರೆ ಸೀರೆಯ ಮಡಿಕೆಯೊಳಗೆ, ಬಾಳೆನಾರಿನಲ್ಲಿ ಕಟ್ಟಿದ ಕರಿ ಊದುಬತ್ತಿಯ ಸಣ್ಣ ಕಟ್ಟು ಸಿಕ್ಕಿತು. ಮೂಗಿಗೆ ಹಿಡಿದೆ. ಮೊದಲು ಇದ್ದಿಲ ವಾಸನೆ, ಆಮೇಲೆ ಎಲ್ಲೋ ಒಳಗಿನಿಂದ, ಇದೆಯೋ ಇಲ್ಲವೋ ಅನ್ನುವಷ್ಟು ಕೇದಗೆ... ಮಧುಗಿರಿಯ ಈ ಮನೆಯ ನೆಲದ ಮೇಲೆ ಕೂತವಳು ಅರ್ಧ ಗಂಟೆ ಏಳಲಿಲ್ಲ.

ನಾನು ಶಿರಾದ ಶಾಲೆಗೆ ಹೊಸದಾಗಿ ಟೀಚರಾಗಿ ಹೋದಾಗ ಪಕ್ಕದ ಮನೆಯಲ್ಲಿ ಅವಳಿದ್ದಳು. ನನಗಿಂತ ಇಪ್ಪತ್ತೈದು ವರ್ಷಕ್ಕೆ ದೊಡ್ಡವಳು. ಅಕ್ಕ ಅನ್ನುತ್ತಿದ್ದೆ. ಬೆಳಗಾದರೆ ಜಗಲಿಯ ಮೇಲೆ ಮಣೆ ಹಾಕಿಕೊಂಡು ಊದುಬತ್ತಿ ಹೊಸೆಯುವುದು ಅವಳ ಕೆಲಸ. ಏಜೆಂಟು ವಾರಕ್ಕೊಮ್ಮೆ ಬಿದಿರು ಕಡ್ಡಿಯನ್ನೂ ಇದ್ದಿಲು ಬೆರೆತ ಜಿಗಟು ಪುಡಿಯನ್ನೂ ತಂದು ಸುರಿಯುತ್ತಿದ್ದ. ಅವಳು ಹೊಸೆದು, ಬಿಸಿಲಿಗೆ ಹರವಿ, ಒಣಗಿಸಿ ಕೊಡುತ್ತಿದ್ದಳು. ಅದಕ್ಕೆ ಸೆಂಟು ಹಾಕುವುದು ಬೇರೆ ಯಾವುದೋ ಊರಿನಲ್ಲಿ. ಹೊಸೆಯುವವರ ಮನೆಗೆ ಘಮ ಬರುವುದೇ ಇಲ್ಲ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವಳ ಮನೆಗೆ ಹೋದರೆ ಬರೀ ಇದ್ದಿಲು ವಾಸನೆ. ಅಂಗೈಗಳಂತೂ ಯುಗಾದಿ ದಿನ ಎಣ್ಣೆ ಹಚ್ಚಿ ತಿಕ್ಕಿದರೂ ಕಪ್ಪಗೇ ಇರುತ್ತಿದ್ದವು.

ಒಂದು ದಿನ ಕಡಲೆಬೀಜ ಕಟ್ಟಿಕೊಟ್ಟಿದ್ದ ಹಾಳೆಯನ್ನು ಬಿಡಿಸಿ ತಂದಳು. ಯಾವುದೋ ಹಳೆಯ ಸಿನಿಮಾ ವಾರಪತ್ರಿಕೆಯ ಪುಟ. ಅದರಲ್ಲಿ ಕಪ್ಪುಬಿಳುಪು ಕಾಲದ ದೊಡ್ಡ ನಾಯಕಿಯೊಬ್ಬರ ಪಟವಿತ್ತು. ಅಕ್ಕನಿಗೆ ಓದು ಬಾರದು, ಆದರೆ ಆ ಮುಖ ಚೆನ್ನಾಗಿ ಗೊತ್ತು. ಸಿನಿಮಾ ಟೆಂಟಿನಲ್ಲಿ ನೆಲದ ಮೇಲೆ ಕೂತು ನೋಡಿದ ಮುಖ. ನಾನು ಓದಿ ಹೇಳಿದೆ. ಆ ತಾರೆಯ ನೆಚ್ಚಿನ ಪರಿಮಳಗಳು ಮೂರಂತೆ. ಬೆಳಗ್ಗೆ ಶ್ರೀಗಂಧ, ಶೂಟಿಂಗಿಗೆ ಹೋಗುವಾಗ ಗುಲಾಬಿ ಅತ್ತರು. ಎಲ್ಲಕ್ಕಿಂತ ಹೆಚ್ಚಿನದು ಮಾತ್ರ ಯಾವ ಸೀಸೆಯಲ್ಲೂ ಸಿಗದು: ಅಮ್ಮನ ಸೀರೆ ಪೆಟ್ಟಿಗೆಯ ಕೇದಗೆ ವಾಸನೆ.

ಆ ತಾರೆಗೆ ಮುಂದಿನ ತಿಂಗಳು ತುಮಕೂರಿನಲ್ಲಿ ಸನ್ಮಾನ ಇದೆಯೆಂದು ನಾನೇ ಬಾಯಿಬಿಟ್ಟೆ. ಸುಮ್ಮನಿದ್ದಿದ್ದರೆ ಆಗುತ್ತಿತ್ತು!

"ಒಂಬತ್ತು ವರ್ಷದೋಳಿದ್ದಾಗಿಂದ ಹೊಸೀತಿವ್ನಿ ಕಣಮ್ಮ. ಒಂದ್ ಕಡ್ಡಿಗೂ ನಾನೇ ಘಮ ಹಾಕ್ಲಿಲ್ಲ. ಹಾಕ್ತೀನಿ. ಹಾಕಿ ಆಯಮ್ಮನ ಕೈಗೇ ಕೊಡ್ತೀನಿ."

ಏಜೆಂಟು ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿಂಗ್ಯಾಕಮ್ಮ ಸೆಂಟಿನ ಉಸಾಬರಿ? ಹೊಸ್ದು ಕೊಡು, ಸಾಕು" ಅಂದ. ಅಕ್ಕ ಅವನ ಕಡೆ ತಿರುಗಿಯೂ ನೋಡದೆ ಹೊಸೆಯುತ್ತಲೇ ಇದ್ದಳು.

ಪೇಟೆಗೆ ಹೋಗಿ ಶ್ರೀಗಂಧದ ಎಣ್ಣೆಯ ಸಣ್ಣ ಸೀಸೆ, ಗುಲಾಬಿ ಅತ್ತರಿನ ಸೀಸೆ ತಂದಳು. ಎರಡನ್ನೂ ಬೆರೆಸಿ, ನೂರು ಕಡ್ಡಿ ಅದ್ದಿ, ಎಂದಿನಂತೆ ಕೊಂಡೊಯ್ದು ಬಿಸಿಲಿಗೆ ಹರವಿದಳು. ಕಡ್ಡಿ ಅಂದಮೇಲೆ ಬಿಸಿಲಿಗೆ ಹಾಕಬೇಕು, ಅದೊಂದೇ ಅವಳಿಗೆ ಗೊತ್ತಿದ್ದದ್ದು. ಶಿರಾ ಬಿಸಿಲು ಕೇಳಬೇಕೆ? ಅಂದು ಮಧ್ಯಾಹ್ನ ನಾನು ಶಾಲೆಯಿಂದ ಬರುವಾಗ ಇಡೀ ಬೀದಿ ಮದುವೆ ಚಪ್ಪರದಂತೆ ಘಮಘಮ ಅನ್ನುತ್ತಿತ್ತು. ದಾರಿಹೋಕರು ನಿಂತು ನಿಂತು ಮೂಸುತ್ತಿದ್ದರು. ಸಂಜೆ ಕಡ್ಡಿ ಎತ್ತಿಕೊಂಡು ನೋಡಿದರೆ ಒಂದರಲ್ಲೂ ಪರಿಮಳವಿಲ್ಲ. ಇದ್ದದ್ದೆಲ್ಲ ಬೀದಿಪಾಲು.

ನನಗೆ ಅಳು ಬಂತು. ಸೆಂಟು ಹಾಕಿದ ಕಡ್ಡಿಯನ್ನು ನೆರಳಲ್ಲಿ ಒಣಗಿಸಬೇಕೆಂದು ನಲವತ್ತು ವರ್ಷ ಹೊಸೆದವಳಿಗೆ ಒಬ್ಬರೂ ಹೇಳಿರಲಿಲ್ಲವಲ್ಲ! "ಹೋಗ್ಲಿ ಬಿಡಕ್ಕ, ಹಾರ ತಗೊಂಡು ಹೋಗೋಣ" ಅಂದೆ.

"ಬುಡು, ಬೀದಿಯೋರಾದ್ರೂ ಮೂಸಿದ್ರಲ್ಲ. ಎಲ್ಡು ಹೋದ್ರೆ ಇನ್ನೊಂದೈತಲ್ಲ, ಕೇದ್ಗೆ" ಅಂದಳು.

ಮಾರನೆಯ ದಿನವೇ ಚನ್ನರಾಯನದುರ್ಗದ ಕಡೆಯ ತನ್ನ ತವರಿಗೆ ಬಸ್ಸು ಹತ್ತಿದಳು. ಅಲ್ಲಿನ ಹಳ್ಳದ ದಂಡೆಯಲ್ಲಿ ಕೇದಗೆ ಮೆಳೆ ಇತ್ತು. ಮೆಳೆಯಲ್ಲಿ ಹಾವಿರುತ್ತವೆ ಅಂದೆ. "ಹಾವಿದ್ರೆ ಇರ್ಲಿ, ಅವು ಹೂ ಕೀಳಾಕೆ ಬಂದಾವಾ?" ಅಂದಳು. ಎರಡು ದಿನದ ಮೇಲೆ ಮೊಣಕೈವರೆಗೆ ಮುಳ್ಳು ಗೀರಿಸಿಕೊಂಡು, ಚೀಲದ ತುಂಬ ಕೇದಗೆ ತಂದಳು. ತನ್ನ ಟ್ರಂಕಿನಿಂದ ಸೀರೆಗಳನ್ನೆಲ್ಲ ತೆಗೆದು ಹಗ್ಗದ ಮೇಲೆ ಎಸೆದಳು. ಟ್ರಂಕಿನಲ್ಲಿ ಒಂದು ಪದರ ಹೂವಿನೆಸಳು, ಒಂದು ಪದರ ಕಡ್ಡಿ. ಬಾಡಿದ ಹೂ ತೆಗೆದು ಹೊಸದು ಹಾಕಲು ಮತ್ತೆ ಎರಡು ಸಲ ತವರಿಗೆ ಹೋಗಿ ಬಂದಳು. ಕೇದಗೆ ಶಿವನಿಗೆ ಆಗದ ಹೂವೆಂದು ಏಜೆಂಟು ತಕರಾರು ತೆಗೆದ. "ಶಿವಂಗೆ ಬ್ಯಾಡ್ದಿದ್ರೆ ಬುಡ್ಲಿ. ನಾನು ಕೊಡ್ತಿರಾದು ಆಯಮ್ಮಂಗೆ" ಅಂದಳು.

ಸನ್ಮಾನದ ಹಿಂದಿನ ದಿನ ಟ್ರಂಕು ತೆಗೆದಾಗ ಬಂದ ಘಮ... ಏನು ಹೇಳಲಿ. ಒಂದು ಕಡ್ಡಿ ಹಚ್ಚಿದೆವು. ಹೊಗೆ ಬಂತು. ಬರೀ ಇದ್ದಿಲ ಹೊಗೆ. ಕೇದಗೆಯ ಸುಳಿವಿಲ್ಲ. ಇನ್ನೊಂದು ಹಚ್ಚಿದೆವು, ಅದೂ ಹಾಗೇ. ಹೂವಿನ ಘಮ ಬೆಂಕಿಗೆ ನಿಲ್ಲಲಿಲ್ಲ. ಅಕ್ಕ ಸ್ವಲ್ಪ ಹೊತ್ತು ಬೂದಿ ನೋಡುತ್ತಿದ್ದವಳು, ಹಚ್ಚದ ಕಡ್ಡಿಯೊಂದನ್ನು ಮೂಸಿ ನೋಡಿದಳು.

"ಹಚ್ಚಿದ್ರೆ ತಾನೇ? ಹಚ್ಬ್ಯಾಡಿ ಅಂತ ಹೇಳಿ ಕೊಡಾನ" ಅಂದಳು.

ಊದುಬತ್ತಿ ಕೊಟ್ಟು ಹಚ್ಚಬೇಡಿ ಅನ್ನುವುದುಂಟೆ! ನನಗೆ ಮುಜುಗರವೋ ಮುಜುಗರ. ಆದರೂ ಜೊತೆಗೆ ಹೋದೆ. ತುಮಕೂರಿನಲ್ಲಿ ಸಮಾರಂಭ ಮುಗಿದ ಮೇಲೆ ಆ ತಾರೆ ವೇದಿಕೆಯ ಪಕ್ಕದ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ತೀರ ಸಣ್ಣಗಾಗಿದ್ದರು. ಬಾಗಿಲಲ್ಲಿದ್ದ ಸ್ವಯಂಸೇವಕ ಕಟ್ಟು ನೋಡಿ ಕೈ ಅಡ್ಡ ಹಿಡಿದ.

"ಊದುಬತ್ತಿನಾ? ಅಮ್ಮಂಗೆ ಉಸಿರಾಟದ ತೊಂದ್ರೆ ಇದೆ, ಹೊಗೆ ಆಗಲ್ಲ. ಹೊರಡಿ."

"ಇದು ಹಚ್ಚೋ ಕಡ್ಡಿ ಅಲ್ಲ ಕಣಪ್ಪ" ಅಂದಳು ಅಕ್ಕ, ಊರಿಗೆಲ್ಲ ಕೇಳುವಂತೆ. "ಹಚ್ಚಿದ್ರೆ ಏನೂ ಬರಾಕಿಲ್ಲ!"

ಅವನು ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಒಳಗಿದ್ದ ತಾರೆಗೆ ಈ ಮಾತು ಕೇಳಿಸಿ ನಗು ಬಂದಿತ್ತು. ಕೈಸನ್ನೆ ಮಾಡಿ ಕರೆದರು. ಅಕ್ಕ ಕಟ್ಟನ್ನು ಎರಡೂ ಕೈಯಲ್ಲಿ ಕೊಟ್ಟು, "ಸೀರೆ ಮಧ್ಯೆ ಇಕ್ಕಳಿ ತಾಯಿ" ಅಂದಳು. ಅವರು ಮೂಗಿನ ಹತ್ತಿರ ಹಿಡಿದರು. ನಗು ನಿಂತಿತು. ಕಣ್ಣು ಮುಚ್ಚಿ ಮತ್ತೊಮ್ಮೆ ಮೂಸಿದರು.

"ಇದನ್ನ ನೀವೇ ಮಾಡಿದ್ರಾ?"

"ಊಂ ತಾಯಿ. ಹೊಸ್ದಿದ್ದೂ ನಾನೇ, ಘಮ ಹಾಕಿದ್ದೂ ನಾನೇ."

ಶಾಲು, ಹಾರ, ಹಣ್ಣಿನ ಬುಟ್ಟಿಗಳೆಲ್ಲ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಅವರು ಆ ಕಟ್ಟನ್ನು ಮಾತ್ರ ತಮ್ಮ ಕೈಚೀಲದೊಳಗೆ ಇಟ್ಟುಕೊಂಡರು. ಬಸ್ಸಿನಲ್ಲಿ ಅಕ್ಕ ಇನ್ನೊಂದು ಕಟ್ಟನ್ನು ನನ್ನ ಮಡಿಲಿಗೆ ಹಾಕಿದಳು. ತನಗೆಂದು ಒಂದು ಕಡ್ಡಿಯನ್ನೂ ಇಟ್ಟುಕೊಂಡಿರಲಿಲ್ಲ. ಮಾರನೆಯ ದಿನ ಮತ್ತೆ ಜಗಲಿ, ಮಣೆ, ಕಪ್ಪು ಕೈ.

ನನಗೆ ಮಧುಗಿರಿಗೆ ವರ್ಗವಾಯಿತು. ಕೆಲವು ವರ್ಷಗಳ ನಂತರ ಒಂದು ಬೆಳಗ್ಗೆ ಅಕ್ಕ ಹೋದಳೆಂದು ಫೋನು ಬಂತು. ಟ್ರಂಕಿನಿಂದ ಕಟ್ಟು ತೆಗೆದು, ಬಿಚ್ಚಿ, ಅರ್ಧದಷ್ಟು ಕಡ್ಡಿಗಳನ್ನು ಹಿಡಿದು ಶಿರಾಕ್ಕೆ ಓಡಿದೆ. ತಲೆದೆಸೆಯಲ್ಲಿ ಅಂಗಡಿಯ ಊದುಬತ್ತಿ ಗೊಂಚಲು ಗೊಂಚಲಾಗಿ ಉರಿಯುತ್ತಿದ್ದವು. ಅವುಗಳಲ್ಲಿ ಯಾವುದನ್ನು ಅವಳೇ ಹೊಸೆದಿದ್ದಳೋ, ಯಾರಿಗೆ ಗೊತ್ತು... ನಾನು ತಂದದ್ದನ್ನು ಅವಳ ಎದೆಯ ಮೇಲೆ, ಸೀರೆಯ ನೆರಿಗೆಯೊಳಗೆ, ಆ ಕಪ್ಪು ಕೈಗಳ ಕೆಳಗೆ ಇಟ್ಟೆ. ನೆಂಟರಲ್ಲಿ ಯಾರೋ ಬೆಂಕಿಪೊಟ್ಟಣ ಚಾಚಿದರು. "ಹಚ್ಚಿ ಟೀಚರಮ್ಮ."

"ಇದು ಹಚ್ಚೋ ಕಡ್ಡಿ ಅಲ್ಲ" ಅಂದೆ. ಊರಿಗೆಲ್ಲ ಕೇಳುವಂತೆಯೇ ಅಂದೆ.

ಉಳಿದರ್ಧ ಈಗ ನನ್ನ ಮುಂದಿದೆ. ಘಮ ಹೆಚ್ಚು ಕಡಿಮೆ ಹೋಗಿಬಿಟ್ಟಿದೆ. ಅಕ್ಕನಂಥವಳು ಇನ್ನು ಸಿಗುವುದಿಲ್ಲ, ಆ ಸಂಕಟ ಇದ್ದೇ ಇದೆ. ಆದರೆ ಕೇದಗೆ ಹೂ ಬಿಡುವ ಕಾಲ ಇದು. ಭಾನುವಾರ ಚನ್ನರಾಯನದುರ್ಗದ ಬಸ್ಸು ಹತ್ತುತ್ತೇನೆ. ಈ ವಯಸ್ಸಿನಲ್ಲಿ ಮೆಳೆಗೆ ಕೈ ಹಾಕಬೇಡ, ಹಾವಿರುತ್ತವೆ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಇದ್ದರೆ ಇರಲಿ.