ಪೆನ್ಸಿಲ್ ಕಿತ್ತುಕೊಂಡ ಮೇಲೆ ಓದಿದ ಹುಡುಗಿ

೧೯೫೭ರಲ್ಲಿ ನಾನು ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದೆ. ಬಡಾವಣೆ ಹೊಸದು, ಪಾಠದ ಕ್ರಮ ಮಾತ್ರ ಓಬೀರಾಯನ ಕಾಲದ್ದು. ಒಂದು ಸಾಲು ಓದುವುದು, ಪ್ರತಿ ಪದದ ನೆತ್ತಿಯ ಮೇಲೆ ಪೆನ್ಸಿಲ್ಲಿನಲ್ಲಿ ಕನ್ನಡ ಅರ್ಥ ಬರೆಯುವುದು. ಪುಟ ಮುಗಿಯುವಷ್ಟರಲ್ಲಿ ಮೊದಲ ಸಾಲು ಮರೆತಿರುತ್ತಿತ್ತು.

ಈ ರೋಗದ ಪರಮಾವಧಿ ಕುರುಬರಹಳ್ಳಿಯ ಶಾರದೆ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷೊಂದರಲ್ಲೇ ಫೇಲಾಗಿ ಮತ್ತೆ ಪರೀಕ್ಷೆಗೆ ಕಟ್ಟಿದ್ದಳು. ಪಾಸಾದರೆ ಟೀಚರ್ ಟ್ರೈನಿಂಗು, ಇಲ್ಲವಾದರೆ ಮದುವೆ ಎಂದು ಅವಳ ತಂದೆ ಹನುಮಂತಪ್ಪ ತೀರ್ಮಾನಿಸಿಬಿಟ್ಟಿದ್ದರು. "ನಾನು ಟೀಚರ್ ಆಗ್ಬೇಕು ಸಾರ್" ಎಂದು ಹುಡುಗಿ ನನ್ನೆದುರು ಅತ್ತಿದ್ದಳು.

ಅವಳಿಗೆ ಗ್ರೇಡೆಡ್ ರೀಡರ್ ಕೊಟ್ಟೆ. ಅಂದರೆ ಹಂತ ಹಂತವಾಗಿ ಕಠಿಣವಾಗುವ ಕಥೆಪುಸ್ತಕಗಳು. ಮೊದಲ ಹಂತದಲ್ಲಿ ಗೊತ್ತಿರುವ ಪದಗಳೇ ಹೆಚ್ಚು. ನಿಲ್ಲದೆ ಓದಿಕೊಂಡು ಹೋಗಬೇಕು, ಅಷ್ಟೇ. ಮಹಾತಾಯಿ ಅದರ ಮೇಲೂ ಸಾಲುಸಾಲಾಗಿ ಅರ್ಥ ಬರೆದುಕೊಂಡು ಬಂದಳು. ತಲೆ ಚಚ್ಚಿಕೊಳ್ಳುವಂತಾಯಿತು ನನಗೆ. ಪೆನ್ಸಿಲ್ ಕಿತ್ತುಕೊಂಡು ಜೇಬಿಗಿಟ್ಟೆ.

ಮರುದಿನವೇ ಹನುಮಂತಪ್ಪ ಬಂದರು. "ಏನ್ ಸಾರ್, ಎಸ್ಸೆಸ್ಸೆಲ್ಸಿ ಹುಡುಗೀಗೆ ಮಕ್ಕಳ ಪುಸ್ತಕ ಕೊಟ್ಟಿದೀರಾ? ಪೆನ್ಸಿಲ್ ಬೇರೆ ಕಿತ್ಕೊಂಡ್ರಂತೆ. ಒಂದು ದಪ್ಪ ಪುಸ್ತಕ ಕೊಡಿ." ದಪ್ಪ ಪುಸ್ತಕ ಓದಿಯೇ ಫೇಲಾದದ್ದು ಎಂದು ಎಷ್ಟು ಬಡಿದುಕೊಂಡರೂ ಅವರ ತಲೆಗೆ ಹೋಗಲಿಲ್ಲ. ಒಂದು ತಿಂಗಳು ನನ್ನ ಪಾಡಿಗೆ ಬಿಡಿ ಎಂದು ಕೈಮುಗಿದೆ.

ಇತ್ತ ಶಾರದೆಗೆ ದಿಕ್ಕೇ ತೋಚಲಿಲ್ಲ. "ಅರ್ಥ ಬರೀದೆ ಹೆಂಗೆ ಸಾರ್?" ಎಂದಳು.

"ಮನೇಲಿ ಕಥೆ ಕೇಳೋರು ಯಾರಾದ್ರೂ ಇದಾರಾ? ಅವರಿಗೆ ಹೇಳು ಹೋಗು" ಎಂದು ರೇಗಿದೆ. ಅದು ಉಪಾಯವೇನೂ ಅಲ್ಲ, ನನಗೆ ಸಾಕಾಗಿಹೋಗಿತ್ತು.

ಅವಳು ಪುಸ್ತಕ ಹಿಡಿದು ಅಜ್ಜಿಯ ಮುಂದೆ ಕುಳಿತಳು. ಓದುತ್ತ ಓದುತ್ತ ಕನ್ನಡದಲ್ಲಿ ಕಥೆ ಹೇಳಬೇಕು. ಅಜ್ಜಿ ಪದದ ಅರ್ಥ ಕೇಳುವವರಲ್ಲ, "ಆಮೇಲೇನಾಯ್ತೇ?" ಎನ್ನುವವರು. ತಡವರಿಸಿದರೆ ಬೈಗುಳ. ವಿಧಿಯಿಲ್ಲದೆ ಹುಡುಗಿಯ ಕಣ್ಣು ಸಾಲಿನ ಮೇಲೆ ಓಡತೊಡಗಿತು.

ತಿಂಗಳು ತುಂಬುವ ಮೊದಲೇ ಹನುಮಂತಪ್ಪ ಮತ್ತೆ ಹಾಜರು. ನಾನು ಜಗಳಕ್ಕೆ ಸಿದ್ಧನಾದೆ.

"ಮುಂದಿನ ಪುಸ್ತಕ ಕೊಡಿ ಸಾರ್. ಕಥೆ ಮುಗಿದೋಯ್ತು ಅಂತ ನಮ್ಮಮ್ಮ ನನ್ನ ಜೀವ ತಿಂತಾವ್ರೆ." ಕೈ ಚಾಚುತ್ತ, "ತೆಳ್ಳಗಿದ್ರೂ ಪರ್ವಾಗಿಲ್ಲ" ಎಂದರು.

ಶಾರದೆ ಪಾಸಾದಳು, ಟೀಚರೂ ಆದಳು. ಓದುವವರಿಗೆ ಅರ್ಥಕ್ಕಿಂತ ಮೊದಲು ಆತುರ ಹುಟ್ಟಬೇಕು ಎಂಬುದನ್ನು ನನ್ನ ವೃತ್ತಿ ಕಲಿಸಿದ್ದು ಹೀಗೆ, ನನ್ನನ್ನು ಸಾಕಷ್ಟು ಗೋಳಾಡಿಸಿ. ಕೆಲವು ವರ್ಷಗಳ ನಂತರ ಅವಳ ಪಾಠ ನೋಡಲೆಂದು ಹೋಗಿ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಓದುತ್ತಿದ್ದ ಹುಡುಗಿಯೊಬ್ಬಳು ಒಂದು ಪದದ ಬಳಿ ತಡವರಿಸಿ ತಲೆಯೆತ್ತಿದಳು. ಶಾರದೆ ಅರ್ಥ ಹೇಳಲಿಲ್ಲ.

"ಆಮೇಲೇನಾಯ್ತೇ?" ಎಂದಳು.