ಸಿಗ್ನಲ್ ಬಂದ ಮಧ್ಯಾಹ್ನ

ಬೆಳಗಾವಿಯ ಪ್ರಯೋಗಾಲಯ ಬಿಟ್ಟು ಖಾನಾಪುರದ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದ ಮೇಲೂ ನನ್ನದೊಂದು ಚಟ ಹೋಗಿರಲಿಲ್ಲ. ಏನನ್ನಾದರೂ ಮುಟ್ಟುವ ಮೊದಲು ಕಿಟಕಿಯ ಕಬ್ಬಿಣದ ಸರಳು ಮುಟ್ಟುತ್ತಿದ್ದೆ. ಮೈಮೇಲಿನ ಚೂರು ಸ್ಥಿರ ವಿದ್ಯುತ್ತು ತಗುಲಿದರೂ ಸುಟ್ಟುಹೋಗುವಂಥ ವಸ್ತುವಿನ ಜೊತೆ ವರ್ಷಗಟ್ಟಲೆ ಕಳೆದವಳು ನಾನು.

ಆ ವಸ್ತು ಕಣ್ಣಿಗೆ ಕಾಣುವುದಿಲ್ಲ. ತೀರ ತೆಳುವಾದ ಕಾಂತೀಯ ಪದರುಗಳನ್ನು ಒಂದರ ಮೇಲೊಂದು ಹೇರಿ ಮಾಡಿದ್ದು, ಕೂದಲೆಳೆಗಿಂತ ಎಷ್ಟೋ ಪಾಲು ಸಣ್ಣದು. ಹದವಾಗಿ ಕರೆಂಟು ಹರಿಸಿದರೆ ಅದರ ಒಂದು ಪದರಿನ ಕಾಂತತ್ವ ಬುಗುರಿಯಂತೆ ವಾಲಾಡುತ್ತ ತಿರುಗಿ ಮೈಕ್ರೋವೇವ್ ಸಿಗ್ನಲ್ ಹೊಮ್ಮಿಸುತ್ತದೆ. ಪರದೆಯ ಮೇಲೆ ಅದು ಚೂಪಾದ ಗೆರೆಯಾಗಿ ಏಳಬೇಕು. ಪುಸ್ತಕದಲ್ಲಿ ಏಳುತ್ತದೆ. ನನ್ನ ಕೈಯಲ್ಲಿ ಏಳಲಿಲ್ಲ.

ಒಮ್ಮೆ ಎದ್ದಿತ್ತು, ಸುಳ್ಳೇಕೆ ಹೇಳಲಿ. ನಾನೂ ನನ್ನ ಜೊತೆಗಿದ್ದ ಕಿರಿಯ ಹುಡುಗಿಯೂ ಕುಣಿದಾಡಿ, ಕುಂದಾ ತರಿಸಿ ಇಡೀ ವಿಭಾಗಕ್ಕೆ ಹಂಚಿದೆವು. ಕರೆಂಟು ಹೆಚ್ಚುಕಮ್ಮಿ ಮಾಡಿದರೆ ನಿಜವಾದ ಗೆರೆ ಜಾಗ ಬದಲಿಸಬೇಕು. ಇದು ಕದಲಲೇ ಇಲ್ಲ. ನೋಡಿದರೆ ಪಕ್ಕದ ಕೋಣೆಯ ವೈಫೈ! ಮುಖ ಎಲ್ಲಿ ಮುಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ನೌಕರಿಯ ಆದೇಶ ಬಂತು. "ಕಾಯಂ ನೌಕರಿ ಐತಿ, ಬಿಡಬ್ಯಾಡ," ಅಂದಳು ಅವ್ವ. "ಆ ಪರದಿ ನೋಡ್ಕೋತ ಇನ್ನೆಷ್ಟ ವರ್ಷ ಕುಂದರ್ತಿ?"

ನೌಕರಿ ಒಪ್ಪಿಕೊಂಡೆ. ಕೊನೆಯ ದಿನ ಅಂಥದೇ ಒಂದು ಹೊಸ ಡಿವೈಸಿಗೆ ಬಂಗಾರದ ಎಳೆತಂತಿ ಬೆಸೆದು, ಡಬ್ಬಿಯಲ್ಲಿಟ್ಟು ಬಂದೆ. ಖಾನಾಪುರದಲ್ಲಿ ಯಾವ ಕೊರತೆಯೂ ಇರಲಿಲ್ಲ. ಮಕ್ಕಳು ಮರಾಠಿಯಲ್ಲಿ ಜಗಳಾಡಿ ಕನ್ನಡದಲ್ಲಿ ನನಗೆ ಚಾಡಿ ಹೇಳುತ್ತಿದ್ದವು, ನಗು ಬರುತ್ತಿತ್ತು. ಆದರೂ ಮೇಜಿನ ಮೇಲೆ ಅಯಸ್ಕಾಂತ ಇಟ್ಟು ಪಾಠ ಮಾಡುವಾಗ ಪ್ರಯೋಗಾಲಯದ ಆ ತಣ್ಣನೆಯ ಕೋಣೆ ನೆನಪಾಗುತ್ತಿತ್ತು. ಗೆರೆಯನ್ನು ಒಂದೇ ಒಂದು ಸಲ ನನ್ನ ಕಣ್ಣಾರೆ ನೋಡಬೇಕು, ಅಷ್ಟೇ ನನ್ನ ಆಸೆ.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಪ್ರಯೋಗಾಲಯದ ಆ ಕಿರಿಯ ಹುಡುಗಿಯ ಫೋನು ಬಂತು.

"ಅಕ್ಕಾ, ಬಂತರೀ! ನೀವು ಇಟ್ಟು ಹೋದ ಡಿವೈಸರೀ!"

"ಕರೆಂಟ ತಿರುವಿದ್ರ ಸರೀತೈತೇನು?"

"ಸರೀತೈತ್ರೀ, ಖರೇನ ಸರೀತೈತಿ! ಫೋಟೋ ಕಳಸಲೇನು?"

"ಫೋಟೋ ಬ್ಯಾಡ. ನಾ ಬರೂತನಕಾ ಬಂದ್ ಮಾಡಬ್ಯಾಡ."

"ಅಷ್ಟೊತ್ತು ಇಟ್ರ ಸುಟ್ಟ ಹೋದೀತ್ರೀ."

"ಹೋಗೂದಿಲ್ಲ. ಅದನ್ನ ಮುಟ್ಟಬ್ಯಾಡ, ಉಸರ ಬಿಗಿ ಹಿಡದು ಕುಂದ್ರು!"

ಅರ್ಧ ದಿನದ ರಜೆ ಬರೆದುಕೊಟ್ಟು ಬಸ್ ಹತ್ತಿದೆ. ಬೆಳಗಾವಿಯೊಳಗೆ ಟಿಳಕವಾಡಿಯ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ರೈಲು ಮದುವೆ ದಿಬ್ಬಣದ ಹಾಗೆ ನಿಧಾನವಾಗಿ ಹೋಯಿತು. ಅದಕ್ಕೆ ನಾನು ಹಾಕಿದ ಶಾಪ ಟೀಚರ ಬಾಯಲ್ಲಿ ಬರುವಂಥದ್ದಲ್ಲ.

ಪ್ರಯೋಗಾಲಯದಲ್ಲಿ ಹುಡುಗಿ ನನ್ನನ್ನು ಕಂಡವಳೇ ಎದ್ದು, "ಕುಂದರ್ರಿ ಅಕ್ಕಾ," ಎಂದು ಕುರ್ಚಿ ಬಿಟ್ಟುಕೊಟ್ಟಳು. ಅದು ಒಂದು ಕಾಲದಲ್ಲಿ ನನ್ನ ಕುರ್ಚಿ. ಪರದೆಯ ಮೇಲೆ ಸಣ್ಣಗೆ ನಡುಗುತ್ತ ಗೆರೆ ನಿಂತಿತ್ತು. ಕರೆಂಟನ್ನು ಒಂದಿಷ್ಟೇ ತಿರುವಿದೆ, ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಕಣ್ಣು ಮಂಜಾಯಿತು. ಖುಷಿಯ ಜೊತೆಗೆ ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚೂ ಆಯಿತು.

"ನಾಳಿನೂ ಬರ್ರಲಾ ಅಕ್ಕಾ, ಕೂಡೇ ರೀಡಿಂಗ್ ತಗೊಳ್ಳೂಣು," ಅಂದಳು.

ಬರ್ತೀನಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ನಾಳಿ ಸಾಲಿ ಐತಿ," ಅಂದೆ. ಮತ್ತೊಂದು ಸಲ ಗೆರೆಯನ್ನು ನೋಡಿ, ಎದ್ದು ನಿಂತು, ಕುರ್ಚಿಯನ್ನು ಅವಳತ್ತ ಸರಿಸಿದೆ. "ಇನ್ನ ನೀ ಕುಂದ್ರವಾ."