ಖಾಕಿ ಕಾಗದದ ಮೇಲಿನ ಜೇಡ

ಇವತ್ತು ಬೆಳಿಗ್ಗೆ ಬೀರು ತೆಗೆದರೆ ಹೊಲಿಗೆ ಬಳಪದ ವಾಸನೆ. ಬಟ್ಟೆಯ ಮೇಲೆ ಗುರುತು ಹಾಕುವ, ಸವೆದ ಸೋಪಿನ ಚೂರಿನಂಥ ಆ ಬಳಪ ನಿಮಗೂ ಗೊತ್ತಿರಬಹುದು. ನನ್ನ ಡೈರಿಗಳ ಹಿಂದೆ ಮಡಿಸಿಟ್ಟಿದ್ದ ಖಾಕಿ ಕಾಗದದಿಂದ ಬರುತ್ತಿತ್ತು ಅದು. ಅತ್ತೆ ರವಿಕೆಯ ಅಳತೆ ಕತ್ತರಿಸುವ ಕಾಗದ. ಬಿಚ್ಚಿದೆ. ನಡುವೆ ಒಂದು ವೃತ್ತ, ಸುತ್ತ ಒಂಬತ್ತು ಕಾಲು. ಎಂಟು ನಾನು ಪೆನ್ನಿನಲ್ಲಿ ಬರೆದದ್ದು. ಒಂಬತ್ತನೆಯದು ಬಳಪದ್ದು, ಅದು ನನ್ನದಲ್ಲ.

ನಾನು ಎಲ್ಲವನ್ನೂ ಪಟ್ಟಿ ಮಾಡುವವಳು. ಹೈಸ್ಕೂಲಿನಿಂದ ಡೈರಿ ಬರೆಯುತ್ತಿದ್ದೇನೆ. ಗ್ಯಾಸ್ ಎಷ್ಟು ದಿನ ಬಂತು, ಬಸ್ಸು ಎಷ್ಟು ನಿಮಿಷ ತಡ, ಮದುವೆಯ ಮಾತನ್ನು ಅತ್ತೆ ಎಷ್ಟು ಸಲ ಎತ್ತಿದರು (ಹೋದ ವರ್ಷ ನಲವತ್ತೊಂದು), ಎಲ್ಲಕ್ಕೂ ಲೆಕ್ಕವಿದೆ. ಸ್ಕೇಲು ಹಿಡಿದು ಗೆರೆ ಎಳೆದು ತಾರೀಖು, ಸಮಯ, ವಿಷಯ ಎಂದು ಮೂರು ಕಾಲಂ ಮಾಡುತ್ತೇನೆ. ವಾರಕ್ಕೆ ಕಾಲಂ ಇರಲಿಲ್ಲ. ತಾರೀಖು ಇದ್ದಮೇಲೆ ವಾರ ಬರೆದರೆ ಜಾಗ ದಂಡ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ನಾನು ಹೆದರುಪುಕ್ಕಲಿ. ಬರೆದಿಟ್ಟರೆ ಭಯ ಗೆರೆಯೊಳಗೆ ಸುಮ್ಮನೆ ಕೂರುತ್ತದೆ ಎಂಬ ನಂಬಿಕೆ.

ಅತ್ತೆ ಅಂದರೆ ಅಪ್ಪನ ಅಕ್ಕ. ಅಜ್ಜಂಪುರದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ನಾನು ಅವರ ಜೊತೆ ಇದ್ದುಕೊಂಡು ದಿನಾ ತರೀಕೆರೆಗೆ ಹೋಗಿಬರುತ್ತೇನೆ. ಅಲ್ಲಿ ಖಾತೆ, ಪಹಣಿಯ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬಿಕೊಡುವ ಅಂಗಡಿಯೊಂದರಲ್ಲಿ ಕೆಲಸ.

ಎರಡು ವರ್ಷದ ಹಿಂದೆ ಅತ್ತೆಗೆ ತಲೆಸುತ್ತು ಶುರುವಾಯಿತು. ಬರೀ ಸುತ್ತಲ್ಲ, ಮೈಯೆಲ್ಲ ಬೆವರಿ, ಮಾತು ತೊದಲಿ, ಮಿಷಿನ್ನಿನ ಮೇಲೆಯೇ ತಲೆಯಿಟ್ಟುಬಿಡುವರು. ಪಕ್ಕದ ಮನೆಯ ಗೌರಕ್ಕ ಫೋನ್ ಮಾಡುತ್ತಿದ್ದರು.

“ನಿಮ್ಮತ್ತೆ ಮತ್ತೆ ಬಿದ್ರು ಕಣೇ. ಬೆಲ್ಲದ ನೀರು ಕುಡಿಸ್ದೆ, ಎದ್ರು. ಸಕ್ಕರೆ ಕಾಯಿಲೆಯೋಳಿಗೆ ಬೆಲ್ಲ ಕೊಡ್ತೀಯಾ ಅಂತ ಈಗ ನನ್ನೇ ಬೈತಾವ್ರೆ.”

ನಾಲ್ಕು ತಿಂಗಳಲ್ಲಿ ಏಳು ಸಲ. ಬೆಳಿಗ್ಗೆ ಹನ್ನೊಂದಾದರೆ ಸಾಕು, ಫೋನನ್ನು ಕೀಬೋರ್ಡಿನ ಪಕ್ಕ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದೆ. ಯಾರದೋ ಅರ್ಜಿಯಲ್ಲಿ ಅರ್ಜಿದಾರರ ಹೆಸರಿನ ಜಾಗದಲ್ಲಿ ಅತ್ತೆಯ ಹೆಸರು ಟೈಪು ಮಾಡಿದ್ದೂ ಉಂಟು.

ಕಡೂರಿನ ಡಾಕ್ಟರ ಮುಂದೆ ಡೈರಿ ತೆಗೆದು ಏಳೂ ಸಲದ ವಿವರ ಓದಿದೆ. ಪರೀಕ್ಷೆಯಲ್ಲಿ ಒಪ್ಪಿಸುವ ಹಾಗೆ ಓದಿದೆ ಅನ್ನಿ.

“ಬಿದ್ದಿದ್ದು ಚೆನ್ನಾಗಿ ಗೊತ್ತಾಯ್ತಮ್ಮ,” ಅಂದರು ಡಾಕ್ಟರು. “ಬೀಳೋಕ್ ಮುಂಚೆ ಏನಾಗಿತ್ತು?”

ನನ್ನ ಮೂರು ಕಾಲಂಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅವರು ಅತ್ತೆಯ ಕಡೆ ತಿರುಗಿ, ಊಟ ಸರಿಯಾಗಿ ಮಾಡ್ತೀರಾ ಎಂದರು. “ಮಾಡ್ತೀನಿ ಸಾರ್.” ಮಾತ್ರೆ? “ಒಂದಿನಾನೂ ತಪ್ಪಿಸಿಲ್ಲ.” ಎರಡನ್ನೂ ಅತ್ತೆ ನಿಜವೆಂದು ನಂಬಿಯೇ ಹೇಳಿದರು. ಹಾಗಾದರೆ ಮುಂದಿನ ವಾರ ಶಿವಮೊಗ್ಗದಲ್ಲಿ ತಲೆಯ ಸ್ಕ್ಯಾನ್ ಮಾಡಿಸಿ ಎಂದು ಚೀಟಿ ಬರೆದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅತ್ತೆ ಕಡಲೆಕಾಯಿ ತಿನ್ನುತ್ತಾ ಬಂದರು. ನಾನು ಆ ಚೀಟಿಯನ್ನು ಹನ್ನೆರಡು ಸಲ ಓದಿದೆ.

ಆ ಭಾನುವಾರ ಮಧ್ಯಾಹ್ನ ನೆನಪಾದದ್ದು ಮೈಂಡ್ ಮ್ಯಾಪು. ನಮ್ಮಂಥ ಅಂಗಡಿಯವರಿಗೆ ಕಡೂರಿನಲ್ಲಿ ಒಂದು ದಿನದ ತರಬೇತಿ ನಡೆದಿತ್ತು. ಹೇಳಿಕೊಡಲು ಬಂದಾಕೆ ಬೋರ್ಡಿನ ಮೇಲೆ ವೃತ್ತ ಬರೆದು, ವಿಷಯವನ್ನು ನಡುವೆ ಇಡಿ, ಸಂಬಂಧಪಟ್ಟದ್ದನ್ನು ಸುತ್ತ ಕವಲುಗಳಾಗಿ ಎಳೆಯಿರಿ, ಮೊದಲು ಯಾವುದು ಆಮೇಲೆ ಯಾವುದು ಎಂದು ಯೋಚಿಸಬೇಡಿ ಅಂದಿದ್ದರು. ಮಕ್ಕಳ ಆಟ ಎನ್ನಿಸಿತ್ತು ನನಗೆ. ಮೈಂಡ್ ಮ್ಯಾಪಿನ ಉಪಯೋಗಗಳನ್ನು ಒಂದು, ಎರಡು, ಮೂರು ಎಂದು ಪಟ್ಟಿ ಮಾಡಿಕೊಂಡು ಬಂದಿದ್ದೆ.

ಡೈರಿಯ ಹಾಳೆ ಸಾಲದೆ ಅತ್ತೆಯ ಖಾಕಿ ಕಾಗದ ಹಾಸಿ ಕೂತೆ. ನಡುವೆ ಅತ್ತೆ. ಸುತ್ತ ಊಟ, ಮಾತ್ರೆ, ನಿದ್ದೆ, ಹೊಲಿಗೆ, ಓಡಾಟ, ಸಮಯ, ದೇವರು, ಎದ್ದದ್ದು ಹೇಗೆ.

ಅತ್ತೆ ಬಗ್ಗಿ ನೋಡಿದರು. “ಯಾವ ಜೇಡನೇ ಇದು?”

“ನೀವೇ ಅತ್ತೆ.”

“ಕಾಲು ನೋವು ಅಂದಿದ್ದಕ್ಕೆ ಎಂಟು ಕಾಲು ಕೊಟ್ಟಿದ್ದೀಯ. ಎಣ್ಣೆ ಯಾರೇ ತಿಕ್ಕೋರು?”

‘ಎದ್ದದ್ದು’ ಎಂಬ ಕವಲಿಗೆ ಬೆಲ್ಲ ಎಂದು ಬರೆದೆ. ‘ಸಮಯ’ಕ್ಕೆ ಹನ್ನೊಂದರಿಂದ ಒಂದು. ‘ದೇವರು’ ಖಾಲಿ ಉಳಿದಿತ್ತು. ಏನು ಬರೆಯಲಿ ಎಂದು ಕೇಳಿದೆ.

“ಏನಿದೆ ಬರ್ಯೋಕೆ? ಸೋಮವಾರ, ಅಮಾವಾಸ್ಯೆ ಒಪ್ಪತ್ತು. ಸಾಯಂಕಾಲ ಲಿಂಗಪೂಜೆ ಆದ್ಮೇಲೆ ಊಟ.”

ಒಪ್ಪತ್ತಿನ ವಿಷಯ ನನಗೆ ಗೊತ್ತೇ ಇತ್ತು, ಮನೆಯಲ್ಲಿ ಗೋಡೆ ಗಡಿಯಾರ ಇದೆ ಎಂದು ಗೊತ್ತಿರುವ ಹಾಗೆ. ಡೈರಿಗೆ ನಡೆದದ್ದು ಮಾತ್ರ ಬರುತ್ತದೆ, ಮಾಡದೆ ಬಿಟ್ಟ ಊಟ ಬರುವುದಿಲ್ಲ. ‘ದೇವರು’ ಕವಲಿನಿಂದ ‘ಊಟ’ಕ್ಕೆ ಒಂದು ಗೆರೆ ಎಳೆದೆ. ಪಕ್ಕದಲ್ಲೇ ಮಾತ್ರೆ ಇತ್ತು. ಕೈ ಅಲ್ಲೇ ನಿಂತಿತು.

“ಅವತ್ತು ಸಕ್ಕರೆ ಮಾತ್ರೆ?”

“ಅದನ್ ಬಿಡೋಕಾಯ್ತದಾ? ಒಂದಿನಾನೂ ಬಿಡಬ್ಯಾಡಿ ಅಂದವ್ರೆ ಡಾಕ್ಟ್ರು. ಬೆಳಗ್ಗೇನೇ ತೀರ್ಥದ ಜೊತೆ ನುಂಗ್ತೀನಿ.”

ಡಾಕ್ಟರ ಮಾತನ್ನೂ ಮೀರಿರಲಿಲ್ಲ, ಶಿವನ ಮಾತನ್ನೂ ಮೀರಿರಲಿಲ್ಲ. ಕ್ಯಾಲೆಂಡರು ತಂದು ಏಳು ತಾರೀಖುಗಳನ್ನು ಹುಡುಕಿದೆ. ಐದು ಸೋಮವಾರ, ಎರಡು ಅಮಾವಾಸ್ಯೆ. ನನ್ನ ಅಚ್ಚುಕಟ್ಟಾದ ಡೈರಿ ಇದನ್ನು ನಾಲ್ಕು ತಿಂಗಳು ಮುಚ್ಚಿಟ್ಟುಕೊಂಡಿತ್ತು.

“ಯಾರಿಗೋಸ್ಕರ ಅತ್ತೆ ಈ ಒಪ್ಪತ್ತು?” ಕೋಪದಲ್ಲೇ ಕೇಳಿದೆ.

ಅತ್ತೆ ಬಳಪ ತಗೊಂಡು ‘ದೇವರು’ ಪಕ್ಕದಲ್ಲಿ ಒಂಬತ್ತನೆಯ ಕಾಲು ಎಳೆದು, ಅಕ್ಷರ ಕೂಡಿಸಿ ಕೂಡಿಸಿ ನನ್ನ ಹೆಸರು ಬರೆದರು. ನಾಲ್ಕು ವರ್ಷದವಳಿದ್ದಾಗ ನನಗೆ ವಿಷಮಶೀತ ಜ್ವರ ಬಂದು, ಕಣ್ಣು ಬಿಟ್ಟರೆ ಸಾಕು ಎಂದು ಹರಕೆ ಹೊತ್ತರಂತೆ. ಅಲ್ಲಿಂದ ಇಲ್ಲಿಗೆ ಎಷ್ಟು ಸೋಮವಾರ ಎಂದು ಲೆಕ್ಕ ಹಾಕಲು ಹೊರಟು, ನೂರು ದಾಟುವ ಮೊದಲೇ ಬಿಟ್ಟೆ.

ಮಾರನೆಯ ದಿನ ಆ ಕಾಗದವನ್ನೇ ಡಾಕ್ಟರ ಮೇಜಿನ ಮೇಲೆ ಬಿಚ್ಚಿದೆ. ಅವರು ನೋಡಿ, ಒಪ್ಪತ್ತು ಹಳೆಯದಾದರೂ ಈ ಮಾತ್ರೆ ಹೊಸದು, ಊಟವಿಲ್ಲದೆ ನುಂಗಿದ್ದಕ್ಕೆ ಸಕ್ಕರೆ ತೀರಾ ಇಳಿದಿದೆ ಎಂದು ಹೇಳಿ, ಮಾತ್ರೆ ಬದಲಾಯಿಸಿ, ಹಸಿದ ಹೊಟ್ಟೆಯಲ್ಲಿ ನುಂಗಲೇಬಾರದು ಎಂದು ಅತ್ತೆಯಿಂದ ಮೂರು ಸಲ ಹೇಳಿಸಿದರು. ಸ್ಕ್ಯಾನೂ ಆಯಿತು, ಏನೂ ಇರಲಿಲ್ಲ.

ಆಮೇಲೆ ನನಗೆ ಜೇಡದ ಹುಚ್ಚು ಹಿಡಿಯಿತು. ಅಂಗಡಿಗೆ ಖಾತೆ ಬದಲಾವಣೆಗೆಂದು ಯಾರು ಬಂದರೂ ಅವರನ್ನು ನಡುವೆ ಕೂರಿಸಿ, ಬೇಕಾದ ಕಾಗದಗಳನ್ನು ಸುತ್ತ ಬರೆಯುತ್ತೇನೆ. ಯಾವುದು ಇಲ್ಲ ಎಂದು ಅವರೇ ಬೆರಳಿಟ್ಟು ತೋರಿಸುತ್ತಾರೆ, ಇನ್ನೊಮ್ಮೆ ಬರುವುದು ತಪ್ಪುತ್ತದೆ. ಕೆಲವು ದಿನ ನನ್ನ ಭಯವನ್ನೂ ಹಾಗೇ ಬಿಡಿಸುತ್ತೇನೆ. ಅದು ಹೋಗುವುದಿಲ್ಲ. ಎಲ್ಲಿ ಕಟ್ಟಿಕೊಂಡಿದೆ ಎಂಬುದು ಕಾಣುತ್ತದೆ, ಅಷ್ಟೆ.

ಅತ್ತೆ ಹರಕೆ ಬಿಡಲು ಒಪ್ಪಲಿಲ್ಲ. ಯಾರಿಗೋಸ್ಕರ ಹೊತ್ತದ್ದೋ ಅವರೇ ನಡೆಸಿದರೆ ಶಿವ ಬೇಡ ಅನ್ನುತ್ತಾನಾ ಎಂದು ವಾದ ಮಾಡಿ ನಾನೇ ತೆಗೆದುಕೊಂಡೆ. ಈಗ ಸೋಮವಾರ ಹನ್ನೊಂದು ಗಂಟೆಗೆ ಫೋನ್ ಮಾಡುವವರು ಅತ್ತೆ: “ಲೇ, ನೆಟ್ಟಗೆ ಕೂತಿದ್ದೀಯೇನೇ?”

ಇವತ್ತೂ ಸೋಮವಾರ. ಕಾಗದ ಮಡಿಸಿಟ್ಟು ಹೊರಗೆ ಬಂದರೆ ಅತ್ತೆ ಉಪ್ಪಿಟ್ಟು ಮುಗಿಸಿ ಮಾತ್ರೆ ನುಂಗುತ್ತಿದ್ದರು. ಕತ್ತರಿಸುವ ಮೇಜಿನ ಮೇಲೆ ಹೊಸ ಖಾಕಿ ಕಾಗದ, ಅದರ ಮೇಲೆ ಬಳಪದಲ್ಲಿ ಒಂದು ವೃತ್ತ. ಒಳಗೆ ನನ್ನ ಹೆಸರು. ಕಾಲು ಮೂರೇ ಇದ್ದವು: ಬಸ್ಸು, ಹಸಿವು, ಮದುವೆ.

“ನಿನ್ ಹೆದ್ರಿಕೆ ನಂಗೇನ್ ಗೊತ್ತು. ಉಳಿದಿದ್ದು ನೀನೇ ಹೇಳು, ಬರ್ಕೋತೀನಿ,” ಅಂದರು.

ಕೈಯಲ್ಲಿ ಪೆನ್ನಿಲ್ಲದೆ ಎದುರಿಗೆ ಕೂತೆ. ಹೇಳಲು ಶುರುಮಾಡಿದೆ. ನಾನು ಹತ್ತಬೇಕಿದ್ದ ಏಳೂ ನಲವತ್ತರ ಬಸ್ಸು ಬೀದಿಯ ಕೊನೆಯಲ್ಲಿ ತಿರುಗಿ ಹೋದ ಸದ್ದು ಕೇಳಿತು. ಇವತ್ತು ಎಷ್ಟು ನಿಮಿಷ ತಡವಾಗಿ ಬಂದಿತ್ತೋ, ಗೊತ್ತಿಲ್ಲ.